ಮಳೆ ಸಂಚಿಕೆಗೆ ಲೇಖನ ಕರೆದದ್ದು

ಜರ್ನಲ್‌ಗೆ ಲೇಖನ ಕಳಿಸೋದು ಹೇಗೆ ಅಂತ ಹೇಳಿಕೊಡೋರು ಬೇಕಾದಷ್ಟು ಜನ ಇದ್ದಾರೆ, ಲೇಖನ ಕರೆಯೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ನಮ್ಮ ಅರ್ಧವಾರ್ಷಿಕ ಮಾನವಿಕ ಪತ್ರಿಕೆಯ ಒಂದು ವಿಶೇಷ ಸಂಚಿಕೆಗೆ ಹೋದ ವರ್ಷ ನನ್ನನ್ನ ಅತಿಥಿ ಸಂಪಾದಕಿ ಮಾಡಿದ್ರು, ಹಂಗಾಗಿ ಆ ಕೆಲಸ ಬುಡದಿಂದ ತುದಿವರೆಗೆ ನೋಡೋ ಹಾಗಾಯ್ತು. ಸಣ್ಣ ಊರಲ್ಲಿ ಕೂತು ಇಂಥದ್ದಕ್ಕೆ ಕೈ ಹಾಕೋರು ಯಾರಾದ್ರೂ ಇದ್ರೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ. ನಾನು ಮಡಿಕೇರಿ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕನ್ನಡ ಪಾಠ ಮಾಡೋಳು, ಮನೇಲಿ ಅರೆಭಾಷೆ, ಕ್ಲಾಸಲ್ಲಿ ಕನ್ನಡ, ಬಸ್ಸಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡ್ಕೊಂಡು.

ಮೊದಲು ವಿಷಯ ಆರಿಸೋದು. ಮೀಟಿಂಗಲ್ಲಿ ವಲಸೆ, ಗಡಿ, ಆಹಾರ, ಅಸ್ಮಿತೆ ಎಲ್ಲಾ ಬಂತು. ಅಸ್ಮಿತೆ ಅಂದ ತಕ್ಷಣ ನಮ್ಮ ಪ್ರಧಾನ ಸಂಪಾದಕರು "ಬೇಡಮ್ಮ, ಕೊಡಗಲ್ಲಿ ಅಸ್ಮಿತೆ ಅಂತ ಕರೆದ್ರೆ ಜಗಳ ಬರುತ್ತೆ, ಲೇಖನ ಬರಲ್ಲ" ಅಂದ್ರು. ಕೊನೆಗೆ ಮಳೆ ಅಂತ ಆಯ್ತು. ಇತಿಹಾಸದ ಒಬ್ಬರು ಸಹೋದ್ಯೋಗಿ ಒಪ್ಪಲಿಲ್ಲ, ಮಳೆ ಹವಾಮಾನ ಇಲಾಖೆ ಸಬ್ಜೆಕ್ಟು, ಮಾನವಿಕಕ್ಕೂ ಅದಕ್ಕೂ ಏನ್ರೀ ಸಂಬಂಧ ಅಂತ ಅವರ ವಾದ. ನಾನು ಕೇಳಿದ್ದು ಇಷ್ಟೇ, ಸರ್ ನಿನ್ನೆ ನಿಮ್ಮ ತೋಟದಲ್ಲಿ ಎಷ್ಟು ಮಳೆ ಬಂತು? "ಎಂಬತ್ತು ಸೆಂಟ್" ಅಂದ್ರು ತಕ್ಷಣ. ದೇಶ ಮೆಟ್ರಿಕ್‌ಗೆ ಹೋಗಿ ಅರವತ್ತು ವರ್ಷದ ಮೇಲಾಯ್ತು, ಹವಾಮಾನ ಇಲಾಖೆ ಮಿಲಿಮೀಟರ್ ಅನ್ನುತ್ತೆ, ಆದ್ರೆ ಕೊಡಗಲ್ಲಿ ಇವತ್ತಿಗೂ ಇಂಚು, ನೂರು ಸೆಂಟಿಗೆ ಒಂದು ಇಂಚು, ಮದುವೆ ಮನೇಲಿ ಸಿಕ್ಕಿದ್ರೂ ಮೊದಲ ಮಾತು ನಿಮ್ಮಲ್ಲಿ ಎಷ್ಟು ಇಂಚಾಯ್ತು ಅಂತಲೇ. ಪ್ಲಾಂಟರ್‌ಗಳ ಕಾಲದ ಅಳತೆ ಕಾರ್ಮಿಕರ ಬಾಯಲ್ಲೂ ಹೆಂಗೆ ಉಳೀತು ಅನ್ನೋದು ಹವಾಮಾನ ಇಲಾಖೆ ಪ್ರಶ್ನೆ ಅಲ್ಲ ಅಲ್ವಾ, ಅದು ನಮ್ಮ ಪ್ರಶ್ನೆ. ಅವರು ನಕ್ಕು ಸುಮ್ಮನಾದ್ರು, ಒಪ್ಪಿದ್ರು ಅಂತ ನಾನು ಅಂದ್ಕೊಂಡೆ.

ಇನ್ನೊಂದು ಕಾರಣವೂ ಇತ್ತು. ಮಡಿಕೇರಿಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುತ್ತೆ, 30 ಕಿಲೋಮೀಟರ್ ಕೆಳಗೆ ಕುಶಾಲನಗರಕ್ಕೆ ಇಳಿದ್ರೆ ಅದರ ಮೂರನೇ ಒಂದು ಭಾಗದಷ್ಟು ಅಷ್ಟೇ. ಒಂದೇ ಜಿಲ್ಲೆ, ಆದ್ರೆ ಭಾಗಮಂಡಲದವರ ಮಳೆಗಾಲ ಬೇರೆ, ಕುಶಾಲನಗರದವರದ್ದು ಬೇರೆ. 2018ರ ಆಗಸ್ಟ್ ಅಂತೂ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಕುಸಿದದ್ದು, ಮರು ವರ್ಷ ತೋರ, ಅದರ ಮರು ವರ್ಷ ತಲಕಾವೇರಿ, ಇದನ್ನೆಲ್ಲ ಇಂಜಿನಿಯರ್‌ಗಳು ಭೂವಿಜ್ಞಾನಿಗಳು ಬರೆದಿದ್ದಾರೆ, ರಿಪೋರ್ಟ್ ಇದೆ. ಕತೆ ಹೇಳೋರು, ಇತಿಹಾಸ ನೋಡೋರು, ಭಾಷೆ ಗಮನಿಸೋರು ಏನು ಹೇಳ್ತಾರೆ ಅಂತ ಒಂದು ಕಡೆ ಸೇರಿಸಿ ಇಡಬೇಕು ಅನ್ನೋ ಆಸೆ ನಂದು.

ಆಮೇಲೆ ಆಹ್ವಾನದ ಒಕ್ಕಣೆ. ಜಾಸ್ತಿ ತಲೆ ಕೆಡಿಸಿಕೊಂಡದ್ದು ಇಲ್ಲೇ. ಪ್ರಧಾನ ಸಂಪಾದಕ ಸರ್ ಒಂದು ಕರಡು ಬರೆದು ಕೊಟ್ರು, ಗಂಭೀರವಾಗಿ, ಸುಂದರವಾಗಿ, ಕೆಳಗೆ ಉಪವಿಷಯಗಳು: ಮಳೆ ಮತ್ತು ಸಾಹಿತ್ಯ, ಮಳೆ ಮತ್ತು ಜಾನಪದ, ಮಳೆ ಮತ್ತು ಮಹಿಳೆ, ಮಳೆ ಮತ್ತು ಧರ್ಮ. ಈ "ಮತ್ತು" ಪಟ್ಟಿ ನಮ್ಮ ಎಲ್ಲಾ ವಿಚಾರ ಸಂಕಿರಣದ ಕರಪತ್ರದಲ್ಲೂ ಇರುತ್ತೆ, ಎಡಗಡೆ ಪದ ಮಾತ್ರ ಬದಲಾಗ್ತಿರುತ್ತೆ. ಇಂಥ ಪಟ್ಟಿ ನೋಡಿದ ಕೂಡ್ಲೆ ಬರೆಯೋರು ಏನು ಮಾಡ್ತಾರೆ, ತಮ್ಮ ಹತ್ರ ಇರೋ ಹಳೇ ಲೇಖನ ತೆಗೆದು ಶೀರ್ಷಿಕೆಗೆ ಮಳೆ ಅಂತ ಸೇರಿಸಿ ಕಳಿಸ್ತಾರೆ. ಅದಕ್ಕೆ ನಾನು ಉಪವಿಷಯ ಬೇಡ, ಪ್ರಶ್ನೆ ಕೇಳೋಣ ಅಂದೆ. ನಿಮ್ಮೂರಲ್ಲಿ ಮಳೆ ಲೆಕ್ಕ ಇಡೋದು ಯಾರು, ಯಾಕೆ ಇಡ್ತಾರೆ? ಮಳೆ ಜೋರಾಗಿ ತೋಟದ ಕೆಲಸ ನಿಂತ ದಿನ ಕಾರ್ಮಿಕರ ಲೈನ್ ಮನೇಲಿ ಅಡುಗೆ ಏನು? ಕಕ್ಕಡ ತಿಂಗಳಲ್ಲಿ (ಜೋರು ಮಳೆಯ ಜುಲೈ-ಆಗಸ್ಟ್ ಹೊತ್ತು) ಸಾವಾದ್ರೆ ಸಂಸ್ಕಾರ ಹೆಂಗೆ ಮಾಡ್ತಿದ್ರು, ಒಣ ಸೌದೆ ಎಲ್ಲಿಂದ? 2018 ಆದ್ಮೇಲೆ ಮಕ್ಕಳಿಗೆ ಮಳೆ ಬಗ್ಗೆ ಹೇಳೋ ಮಾತು ಬದಲಾಯ್ತಾ? ರಾಜರ ಕಾಲದ ಕಡತದಲ್ಲಿ, ಬ್ರಿಟಿಷರ ಕಡತದಲ್ಲಿ, ಪಾದ್ರಿಗಳ ಪತ್ರದಲ್ಲಿ ಮಳೆ ಯಾವಾಗ ಕಾಣಿಸುತ್ತೆ, ಯಾವ ನೆಪಕ್ಕೆ?

ಸರ್‌ಗೆ ಇದು ಅಷ್ಟು ಸರಿ ಬರಲಿಲ್ಲ. ಅಕಡೆಮಿಕ್ ಆಗಿ ಕಾಣಲ್ಲ ಅಂದ್ರು, ಮತ್ತೆ ಬೇರೆ ಯುನಿವರ್ಸಿಟಿಯವರು ನೋಡ್ತಾರೆ ಅನ್ನೋ ಅಂಜಿಕೆ. ಅರ್ಧ ಅವರದ್ದು ಅರ್ಧ ನಂದು ಅಂತ ಒಪ್ಪಂದ ಆಯ್ತು: ಮೇಲೆ ಪರಿಕಲ್ಪನಾ ಟಿಪ್ಪಣಿ, ಮಧ್ಯ ಪ್ರಶ್ನೆಗಳು, ಕೆಳಗೆ ಚಿಕ್ಕ ಅಕ್ಷರದಲ್ಲಿ ಉಪವಿಷಯ. ಬಾಕಿ ನಿಯಮಗಳು ಎಲ್ಲಾ ಕಡೆ ಇರೋವೇ, 300 ಪದದ ಸಾರಾಂಶ ಮೊದಲು, ಅದು ಆಯ್ಕೆ ಆದ್ರೆ 3000ದಿಂದ 5000 ಪದದ ಲೇಖನ, ಯೂನಿಕೋಡ್‌ನಲ್ಲಿ ಟೈಪ್ ಮಾಡಿರಬೇಕು, ಬೇರೆಲ್ಲೂ ಅಚ್ಚಾಗಿರಬಾರದು, ಇಬ್ಬರು ವಿಮರ್ಶಕರು ಹೆಸರು ಕಾಣದ ಹಾಗೆ ಓದ್ತಾರೆ, ದುಡ್ಡು ಕಟ್ಟೋ ಹಾಗಿಲ್ಲ. ಕೊಡವ ತಕ್ಕ್ (ಕೊಡವರ ಭಾಷೆ), ಅರೆಭಾಷೆ, ಎರವ ಆದಿವಾಸಿಗಳ ಮಾತು, ಮಲಯಾಳ ಯಾವುದರ ಪಠ್ಯ ಇದ್ರೂ ಸರಿ, ಜೊತೆಗೆ ಕನ್ನಡದಲ್ಲಿ ಅರ್ಥ ಕೊಡಿ ಅಂತ ಒಂದು ಸಾಲು ಸೇರಿಸಿದ್ವಿ. ಆ ಒಂದು ಸಾಲಿಂದ ಬಂದಷ್ಟು ಒಳ್ಳೇ ಸಾಮಗ್ರಿ ಉಳಿದ ಎರಡು ಪುಟದಿಂದ ಬರಲಿಲ್ಲ, ನಿಜ ಹೇಳ್ಬೇಕಂದ್ರೆ.

ಕೊನೇ ದಿನಾಂಕ ಯಾವಾಗ ಇಡೋದು ಅನ್ನೋದಕ್ಕೇ ಒಂದು ಮಧ್ಯಾಹ್ನ ಹೋಯ್ತು. ಬೆಂಗಳೂರಲ್ಲಿ ಕೂತವರು ಕ್ಯಾಲೆಂಡರ್ ನೋಡಿ ತಿಂಗಳ ಕೊನೆ ಅಂತ ಹಾಕ್ತಾರೆ, ಇಲ್ಲಿ ಹಂಗಾಗಲ್ಲ. ಜುಲೈಲಿ ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ, ನಾಪೋಕ್ಲು ಆಚೆ ಇರೋರು ಮೇಲ್ ಕಳಿಸ್ಬೇಕಂದ್ರೆ ಗುಡ್ಡ ಹತ್ತಬೇಕು. ಸೆಪ್ಟೆಂಬರ್ ಶುರುಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್ ಮಧ್ಯ ತುಲಾ ಸಂಕ್ರಮಣ, ಆಮೇಲೆ ಸುಗ್ಗಿ ಹಬ್ಬ ಹುತ್ತರಿ, ಹುತ್ತರಿ ಆದ ಮೇಲೆ ಕಾಫಿ ಕೊಯ್ಲು, ಕೊಯ್ಲು ಶುರುವಾದ್ರೆ ಪ್ರೊಫೆಸರೂ ಕಣದಲ್ಲೇ. ಡಿಗ್ರಿ ಕಾಲೇಜಿನವರಿಗೆ ಮಧ್ಯದಲ್ಲಿ ವ್ಯಾಲ್ಯುಯೇಶನ್ ಬೇರೆ. ಕೊನೆಗೆ ಸಾರಾಂಶ ಸೆಪ್ಟೆಂಬರ್ ಮೂರನೇ ವಾರ, ಲೇಖನ ಹುತ್ತರಿ ಒಳಗೆ ಅಂತ ಗೊತ್ತು ಮಾಡಿದ್ವಿ.

ಆಹ್ವಾನ ಹೋದ ಮೇಲೆ ಫೋನ್ ಶುರು. ಮೊದಲನೇ ಪ್ರಶ್ನೆ ಮಳೆ ಬಗ್ಗೆ ಅಲ್ಲವೇ ಅಲ್ಲ, "ಮೇಡಂ ನಿಮ್ಮದು ಕೇರ್ ಲಿಸ್ಟಲ್ಲಿ ಇದ್ಯಾ?" ಕೇರ್ ಲಿಸ್ಟ್ ಅಂದ್ರೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪತ್ರಿಕೆಗಳ ಪಟ್ಟಿ. ಯುಜಿಸಿಯವರು 2025ರ ಫೆಬ್ರವರಿಯಲ್ಲೇ ಆ ಪಟ್ಟಿ ಕೈಬಿಟ್ಟಾಗಿದೆ, ಈಗ ಇರೋದು ಪತ್ರಿಕೆ ಹೇಗಿದೆ ಅಂತ ನೋಡೋಕೆ ಸಲಹೆ ರೂಪದ ಮಾನದಂಡ ಮಾತ್ರ, ಅದನ್ನ ಹೇಳಿದ್ರೂ ಎಷ್ಟೋ ಜನ ನಂಬಲಿಲ್ಲ, "ಹಂಗಾದ್ರೆ ಪ್ರಮೋಷನ್‌ಗೆ ಪಾಯಿಂಟ್ ಹೆಂಗೆ ಕೊಡ್ತಾರೆ ಮೇಡಂ" ಅಂತ ನನ್ನನ್ನೇ ಕೇಳಿದ್ರು. ಎರಡನೇ ಪ್ರಶ್ನೆ ಐಎಸ್‌ಎಸ್‌ಎನ್. ಅದು ಇದೆ, ಆದ್ರೆ ಅದು ಪತ್ರಿಕೆಯ ಎಂಟು ಅಂಕಿಯ ಗುರುತಿನ ನಂಬರ್ ಅಷ್ಟೇ, ಗುಣಕ್ಕೆ ಸರ್ಟಿಫಿಕೇಟ್ ಅಲ್ಲ, ಅದನ್ನ ದೊಡ್ಡದಾಗಿ ಮುಖಪುಟದಲ್ಲಿ ಹಾಕ್ಕೊಂಡು ಸಾವಿರಾರು ರೂಪಾಯಿ ವಸೂಲಿ ಮಾಡೋ ಪತ್ರಿಕೆಗಳು ಎಷ್ಟಿಲ್ಲ. ಮೂರನೇ ಪ್ರಶ್ನೆ ಅದೇ, ಎಷ್ಟು ಕಟ್ಟಬೇಕು. ಏನೂ ಇಲ್ಲ ಅಂದ್ರೆ ಅನುಮಾನ ಪಡ್ತಾರೆ! ಒಬ್ಬರು "ಫ್ರೀ ಅಂದ್ರೆ ಅಚ್ಚಾಗೋ ಗ್ಯಾರಂಟಿ ಇಲ್ಲ ಅಲ್ವಾ" ಅಂದ್ರು, ಹೌದು ಸರ್ ಇಲ್ಲ ಅಂದೆ, ಆಮೇಲೆ ಅವರು ಫೋನ್ ಮಾಡಲಿಲ್ಲ.

ಬಂದ ಸಾರಾಂಶಗಳು ಮೊದಮೊದಲು ಬೇಸರ ತರಿಸಿದ್ವು. ಮದ್ದುಸೊಪ್ಪಿನ ಪಾಯಸದ ಬಗ್ಗೆ ಒಂದು ರಾಶಿ. ಕಕ್ಕಡ ಹದಿನೆಂಟಕ್ಕೆ ಆ ಸೊಪ್ಪಲ್ಲಿ ಹದಿನೆಂಟು ಬಗೆ ಔಷಧಿ ಸೇರಿರುತ್ತೆ ಅನ್ನೋ ಮಾತು, ನೇರಳೆ ಬಣ್ಣ, ಆರೋಗ್ಯಕ್ಕೆ ಒಳ್ಳೇದು, ಮುಗೀತು. ಅದರಲ್ಲಿ ಒಬ್ಬರೂ ಇದನ್ನ ಯಾರು ಕೊಯ್ತಾರೆ, ಈಗ ಮಡಿಕೇರಿ ಮಾರ್ಕೆಟಲ್ಲಿ ಕಟ್ಟು ಕಟ್ಟಿ ಮಾರೋದು ಯಾರು ಅಂತ ಕೇಳಿರಲಿಲ್ಲ. ಇನ್ನೊಂದು ರಾಶಿಯಲ್ಲಿ ಮೊದಲ ಪ್ಯಾರಾ ಪೂರ್ತಿ ಎಂ.ಎನ್. ಶ್ರೀನಿವಾಸ್ ಅವರ 1952ರ ಕೊಡವರ ಕುರಿತ ಪುಸ್ತಕ, ಸಂಸ್ಕೃತೀಕರಣ (ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಅನುಸರಿಸೋದು), ಎರಡನೇ ಪ್ಯಾರಾದಲ್ಲಿ ಮಳೆ ನೆಂಟರ ಹಾಗೆ ಬಂದು ಹೋಗುತ್ತೆ. ಮತ್ತೆ ಚಾಟ್‌ಬಾಟ್ ಬರೆದವು. ಅವನ್ನ ಗುರುತಿಸೋಕೆ ಕಷ್ಟ ಏನಿಲ್ಲ, ಎಲ್ಲದರಲ್ಲೂ ಮಳೆ "ಕೇವಲ ನೈಸರ್ಗಿಕ ವಿದ್ಯಮಾನವಲ್ಲ", ಎಲ್ಲದರಲ್ಲೂ ಅದೇ ಜೀವನಾಡಿ, ಆಧಾರ ಗ್ರಂಥಗಳ ಪಟ್ಟಿ ಕೇಳಿದ್ರೆ ಲೈಬ್ರರಿಯಲ್ಲಿ ಹುಡುಕಿದ್ರೂ ಸಿಗದ ಪುಸ್ತಕಗಳು, ಯಾಕಂದ್ರೆ ಅಂಥ ಪುಸ್ತಕವೇ ಇಲ್ಲ. ಅವಕ್ಕೆಲ್ಲ ಒಂದೇ ಉತ್ತರ ಕಳಿಸಿದೆ, ನೀವು ನೋಡಿದ ಒಂದು ಮಳೆಗಾಲದ ಬಗ್ಗೆ ಅರ್ಧ ಪುಟ ಬರೆದು ಕಳಿಸಿ, ಆಮೇಲೆ ಮಾತಾಡೋಣ. ಕೆಲವರು ಕಳಿಸಿದ್ರು ಕಣ್ರೀ, ಅದರಲ್ಲಿ ಎರಡು ಲೇಖನ ಆಗಿ ಸಂಚಿಕೆಲೂ ಇವೆ.

ಆದ್ರೆ ಮಳೆ ಗೊತ್ತಿದ್ದವರು ಬರೀತಿಲ್ಲ, ಬರೆಯೋ ಅಭ್ಯಾಸ ಇದ್ದವರು ಮಾತ್ರ ಬರೀತಿದ್ದಾರೆ ಅನ್ನೋದು ಅಷ್ಟೊತ್ತಿಗೆ ಖಾತ್ರಿ ಆಗಿತ್ತು. ಹಂಗಾಗಿ ಎದ್ದು ಹೋಗಿ ಕೇಳೋಕೆ ಶುರು ಮಾಡಿದೆ. ವಿರಾಜಪೇಟೆ ಕಡೆ ಒಬ್ಬರು ಹಿರಿಯರು, ಅವರ ಅಜ್ಜನ ಕಾಲದಿಂದ ಮಳೆ ರಿಜಿಸ್ಟರ್ ಇದೆ ಅಂತ ನನ್ನ ಸ್ಟೂಡೆಂಟ್ ಹೇಳಿದ್ಲು. ಹೋದೆ. "ಲೇಖನ ಗೀಖನ ನನಗೆ ಬರಲ್ಲ ಮೇಡಂ, ದಿನಾ ಬೆಳಿಗ್ಗೆ ಗೇಜ್ ನೋಡಿ ಬರೆದಿಟ್ಟಿದ್ದೀನಿ ಅಷ್ಟೇ" ಅಂತ ಹೇಳಿ ಕಪಾಟಿಂದ ಒಂದೊಂದೇ ಪುಸ್ತಕ ಇಳಿಸಿದ್ರು. ಅಂಕಿ ಒಂದು ಕಡೆ ಇರಲಿ, ಅಂಚಲ್ಲಿ ಬರೆದ ಮಾತು ನೋಡಬೇಕು: ಮಾರ್ಚಲ್ಲಿ ಹೂಮಳೆ (ಕಾಫಿ ಹೂ ಬಿಡಿಸೋ ಮಳೆ) ಬಂದ ದಿನ ಕೆಂಪು ಇಂಕಿನ ಗೆರೆ, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಬರದ ವರ್ಷ ಏನೂ ಬರೀದೆ ಬರೀ ಒಂದು ಸೊನ್ನೆ ಸುತ್ತು, ದನ ಕರು ಹಾಕಿದ್ದು, ಹೊಳೆ ದಾಟಕ್ಕಾಗದೆ ಮಗಳು ಸ್ಕೂಲಿಗೆ ಹೋಗಿಲ್ಲ ಅಂತ, ಯಾರೋ ಸಾಲ ವಾಪಸ್ ಕೊಟ್ಟಿದ್ದು. ಅಜ್ಜ ಇಂಗ್ಲಿಷಲ್ಲಿ ಬರೆದಿದ್ದಾರೆ, ಅಪ್ಪ ಇಂಗ್ಲಿಷು ಕನ್ನಡ ಬೆರೆಸಿ, ಇವರು ಕನ್ನಡದಲ್ಲಿ. 2018ರ ಆಗಸ್ಟ್ ಮಧ್ಯದ ಪುಟದಲ್ಲಿ ಬರೀ ಇಂಚು ಮತ್ತೆ "ರೋಡ್ ಇಲ್ಲ" ಅಂತ ದಿನಾ. ಇದನ್ನ ಲೇಖನ ಅಂತ ಕರೆಯೋಕಾಗಲ್ಲ, ಆದ್ರೆ ಇದಕ್ಕಿಂತ ಒಳ್ಳೇ ಆಕರ ಇನ್ನೇನು ಬೇಕು. ಕೆಲವು ಪುಟದ ಫೋಟೋ ತೆಗೆದು, ಅವರ ಹತ್ರ ಕೂತು ಒಂದೊಂದು ಮಾತಿಗೂ ವಿವರಣೆ ಕೇಳಿ ಬರ್ಕೊಂಡು, ದಾಖಲೆ ಅಂತ ಒಂದು ವಿಭಾಗ ಮಾಡಿ ಹಾಕಿದ್ವಿ, ಹೆಸರು ಅವರದ್ದೇ. ಸಾಲದ ವಿಷಯ ಇರೋ ಸಾಲುಗಳನ್ನ ಅವರೇ ತೆಗೀರಿ ಅಂದ್ರು, ಕೊಟ್ಟವರ ಮೊಮ್ಮಕ್ಕಳು ಪಕ್ಕದ ತೋಟದಲ್ಲೇ ಇದ್ದಾರೆ.

ಎರವರ ಹಾಡುಗಳದ್ದು ಬೇರೆ ಕತೆ. ದಕ್ಷಿಣ ಕೊಡಗಿನ ಹಾಡಿಗಳಲ್ಲಿ, ಅಂದ್ರೆ ಆದಿವಾಸಿ ಕೇರಿಗಳಲ್ಲಿ, ಕೆಲಸ ಮಾಡ್ತಿದ್ದ ಒಬ್ಬ ಪಿಎಚ್‌ಡಿ ಹುಡುಗ ನಾಟಿ ಟೈಮಲ್ಲಿ, ಮಳೆಲಿ ಹಾಡೋ ಹಾಡುಗಳನ್ನ ರೆಕಾರ್ಡ್ ಮಾಡಿ, ಬರೆದು, ಅರ್ಥ ಸೇರಿಸಿ ಕಳಿಸಿದ್ದ, ತುಂಬಾ ಚೆನ್ನಾಗಿತ್ತು. ಲೇಖಕ ಅಂತ ಅವನ ಹೆಸರು, ಹಾಡಿದವರು ಅಡಿಟಿಪ್ಪಣಿಯಲ್ಲಿ "ಓರ್ವ ವೃದ್ಧೆ". ನಾನು ಕೇಳಿದೆ, ಆ ಅಜ್ಜಿಗೆ ಹೆಸರಿಲ್ವೇನಪ್ಪ? ಇದೆ ಮೇಡಂ, ಆದ್ರೆ ಗೈಡ್ ಹಂಗೇ ಬರೀಬೇಕು ಅಂದಿದ್ರು ಅಂದ. ಒಂದು ಥರ ಅವರು ಹೇಳಿದ್ದರಲ್ಲೂ ಕಾರಣ ಇದೆ, ಕೂಲಿ ಬಗ್ಗೆ ಸಾಹುಕಾರನ ಬಗ್ಗೆ ಹಾಡಿದ ಹಾಡು, ನಾಳೆ ತೋಟದಲ್ಲಿ ತೊಂದರೆ ಆದ್ರೆ? ಹಂಗಂತ ನಾವೇ ತೀರ್ಮಾನ ಮಾಡೋದು ಸರಿ ಅಲ್ಲ. ಅವನನ್ನ ವಾಪಸ್ ಕಳಿಸಿದ್ವಿ, ಅಚ್ಚಾಗೋದನ್ನ ಓದಿ ಹೇಳಿ ಕೇಳ್ಕೊಂಡು ಬಾ ಅಂತ. ಇಬ್ಬರು ಹೆಸರು ಹಾಕಿ ಅಂದ್ರು, ಒಬ್ಬರು ಹಾಡು ಹಾಕಿ ಹೆಸರು ಬೇಡ ಅಂದ್ರು, ಇನ್ನೊಬ್ಬರು ಹಾಡೇ ಬೇಡ, ಅದು ಸತ್ತ ಮನೇಲಿ ಹಾಡೋದು, ಪುಸ್ತಕದಲ್ಲಿ ಇರಬಾರದು ಅಂದ್ರಂತೆ. ಆ ಹಾಡು ತೆಗೆದ್ವಿ. ಲೇಖನದ ತಲೆಯಲ್ಲಿ ಹಾಡಿದವರ ಹೆಸರು ಮೊದಲು, ಸಂಗ್ರಹ ಅಂತ ಅವನದ್ದು ಕೆಳಗೆ. ಹುಡುಗನಿಗೆ ಸ್ವಲ್ಪ ಬೇಜಾರಾಯ್ತು, ಪಾಯಿಂಟ್ ಕಮ್ಮಿ ಆಗುತ್ತಾ ಅಂತ. ಈ ಅಂಕದ ಲೆಕ್ಕದಲ್ಲಿ ಹಾಡಿದ ಅಜ್ಜಿಗೆ ಎಲ್ಲಿ ಜಾಗ ಅಂತ ಯುಜಿಸಿಯಲ್ಲಿ ಯಾರಾದ್ರೂ ಯೋಚನೆ ಮಾಡಬೇಕು.

ಮಲಯಾಳ ಮಾತಾಡೋ ಕುಟುಂಬದ ಒಬ್ಬ ಟೀಚರ್ ಸಿದ್ದಾಪುರ ಕಡೆಯಿಂದ 1924ರ ದೊಡ್ಡ ನೆರೆ ಬಗ್ಗೆ ಬರೆದ್ರು. ಕೇರಳದಲ್ಲಿ ಅದನ್ನ ಕೊಲ್ಲಂ ವರ್ಷ 1099ರ ಲೆಕ್ಕದಲ್ಲಿ ತೊಂಬತ್ತೊಂಬತ್ತರ ವೆಳ್ಳಪ್ಪೊಕ್ಕಂ ಅಂತಾರೆ, ಕಾವೇರಿಲೂ ಅದೇ ಜುಲೈಲಿ ಭಾರೀ ಪ್ರವಾಹ. ಅವರ ಮುತ್ತಜ್ಜಿ ವಯಸ್ಸು ಹೇಳೋದೇ ಆ ನೆರೆ ಇಟ್ಕೊಂಡು, ಬೊಳ್ಳಕ್ಕೆ (ನೆರೆಗೆ) ಮೊದಲು ಹುಟ್ಟಿದ್ದು, ಆಮೇಲೆ ಹುಟ್ಟಿದ್ದು ಅಂತ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನ ಸೇರಿಸಿ ಮಾಡಿದ ಪಟ್ಟೋಲೆ ಪಳಮೆ ಅಚ್ಚಾಗಿದ್ದೂ ಅದೇ 1924ರಲ್ಲಿ. ಒಂದು ಕಡೆ ಹಾಡು ಕಾಗದಕ್ಕೆ ಇಳೀತಿತ್ತು, ಇನ್ನೊಂದು ಕಡೆ ಗದ್ದೆ ಕೊಚ್ಚಿ ಹೋಗ್ತಿತ್ತು ಅಂತ ಅವರು ಬರೆದದ್ದು ಸರ್‌ಗೂ ಇಷ್ಟ ಆಯ್ತು.

ವಿಮರ್ಶೆ ಹಂತಕ್ಕೆ ಬಂದಾಗ ನಗು ಬರೋ ಸಮಸ್ಯೆ. ಹೆಸರು ಅಳಿಸಿ ಕಳಿಸಬೇಕು ಅನ್ನೋದು ನಿಯಮ, ಸರಿ, ಹೆಸರು ಅಳಿಸಿದ್ವಿ. ಒಳಗೆ "ನಮ್ಮ ಐನ್‌ಮನೆಯ ಹಿಂದಿನ ಕೆರೆ", "ನಮ್ಮ ಕುಟುಂಬದ ಕಾರಣೋನ" ಅಂತ (ಐನ್‌ಮನೆ ಅಂದ್ರೆ ಕುಟುಂಬದ ಮೂಲ ಮನೆ, ಕಾರಣೋನ ಅಂದ್ರೆ ಕುಲದ ಹಿರಿಯ) ಮನೆಹೆಸರು ಸಮೇತ ಇರುತ್ತಲ್ಲ, ಕೊಡಗಲ್ಲಿ ಮನೆಹೆಸರು ಗೊತ್ತಾದ್ರೆ ಊರು, ನಾಡು, ಹೆಂಡತಿ ಕಡೆಯವರು ಎಲ್ಲಾ ಗೊತ್ತಾಯ್ತು ಅಂತ ಲೆಕ್ಕ. ಇಲ್ಲಿಯ ವಿಮರ್ಶಕರು ಒಬ್ಬರು ರಿಪೋರ್ಟಲ್ಲೇ "ಲೇಖಕರ ತಂದೆಯವರು ಇದನ್ನು ಬೇರೆ ರೀತಿ ಹೇಳುತ್ತಿದ್ದರು" ಅಂತ ಬರೆದು ಕಳಿಸಿದ್ರು! ಆಮೇಲೆ ಇಲ್ಲಿನ ಲೇಖನಗಳನ್ನ ಮೈಸೂರು, ಮಂಗಳೂರು, ಧಾರವಾಡದ ಕಡೆಯವರಿಗೆ ಕಳಿಸಿದ್ವಿ, ಹೊರಗಿಂದ ಬಂದವನ್ನ ಇಲ್ಲಿಯವರಿಗೆ. ಹೊರಗಿನವರಲ್ಲಿ ಒಬ್ಬರಿಗೆ ಪರಿಹಾರ ಕೇಂದ್ರದಲ್ಲಿದ್ದ ಒಬ್ಬ ಶಿಕ್ಷಕಿ ಬರೆದ ಲೇಖನದಲ್ಲಿ "ಸೈದ್ಧಾಂತಿಕ ಚೌಕಟ್ಟು" ಕಾಣಲಿಲ್ಲ. ಆ ಶಿಕ್ಷಕಿ ಬರೆದಿದ್ದು 2018ರಲ್ಲಿ ಮನೆ ಬಿಟ್ಟು ಬಂದವರು ಕೈಲಿ ಏನೇನು ತಂದಿದ್ರು ಅಂತ, ಆರ್‌ಟಿಸಿ, ಒಡಿಕತ್ತಿ, ಕೋಳಿ, ಮಗಳ ಮಾರ್ಕ್ಸ್ ಕಾರ್ಡು, ಒಬ್ಬರು ಟಿವಿ ರಿಮೋಟ್ ಮಾತ್ರ. ಅದಕ್ಕೆ ಚೌಕಟ್ಟು ಹಾಕಿ ಅಂದ್ರೆ ಆಕೆ ಎಲ್ಲಿಂದ ತರಬೇಕು, ತಂದ್ರೂ ಅದು ಲೇಖನ ಕೆಡಿಸುತ್ತೆ ಅಂತ ನನ್ನ ಅಭಿಪ್ರಾಯ. ಅನುಭವದ ಬರಹಗಳಿಗೆ ಬೇರೆ ಪ್ರಶ್ನೆಪಟ್ಟಿ ಮಾಡಿದ್ವಿ: ನೋಡಿದ್ದಾ, ಕೇಳಿದ್ದಾ ಅಂತ ಸ್ಪಷ್ಟ ಇದ್ಯಾ, ಬೇರೆಯವರ ಗುಟ್ಟು ಬಯಲಾಗ್ತಿದ್ಯಾ, ಬೇರೆಲ್ಲೂ ಸಿಗದ ವಿವರ ಏನಿದೆ. ವಿಮರ್ಶಕರಿಗೂ ಇದು ಸುಲಭ ಆಯ್ತು.

ನಕಲು ನೋಡೋದೂ ಇತ್ತು. 2018ರ ಯುಜಿಸಿ ನಿಯಮದ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದಕ್ಕೆ ಎಲ್ಲರೂ ಆ ನಂಬರನ್ನೇ ಹಿಡ್ಕೊಂಡು ರಿಪೋರ್ಟ್ ಲಗತ್ತಿಸ್ತಾರೆ. ಕನ್ನಡದ ಹಳೇ ಪುಸ್ತಕ ಬಹಳಷ್ಟು ಕಾಗದದಲ್ಲೇ ಇರೋದ್ರಿಂದ ಸಾಫ್ಟ್‌ವೇರ್‌ಗೆ ಸಿಗೋದೇ ಇಲ್ಲ, ಸೊನ್ನೆ ಅಂತ ಬಂದ ಒಂದು ಲೇಖನದ ಎರಡು ಪುಟ ನಮ್ಮ ಸರ್ ಬಾಯಿಪಾಠ ಹೇಳಿದ್ರು, ಅವರು ಎಂ.ಎ.ಲಿ ಓದಿದ್ದಂತೆ. ಸಾಫ್ಟ್‌ವೇರ್‌ಗಿಂತ ವಯಸ್ಸಾದ ಮೇಷ್ಟ್ರು ವಾಸಿ.

ಫಾಂಟ್ ಬಗ್ಗೆ ಬರೆದ್ರೆ ಇನ್ನೊಂದು ಲೇಖನ ಆಗುತ್ತೆ. ಯೂನಿಕೋಡ್ ಅಂತ ದಪ್ಪಕ್ಷರದಲ್ಲಿ ಹಾಕಿದ್ರೂ ಅರ್ಧಕ್ಕರ್ಧ ಹಳೇ ನುಡಿ ಫಾಂಟಲ್ಲೇ ಬಂತು, ಕನ್ವರ್ಟ್ ಮಾಡಿದ್ರೆ ಅರ್ಕಾವೊತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಲಿ ಅಕ್ಷರವೇ ಇಲ್ಲ, ಒಬ್ಬೊಬ್ಬರು ಒಂದೊಂದು ಗುರುತು ಹಾಕಿದ್ರು, ನಾವು ಯಾವುದನ್ನೂ ತಿದ್ದದೆ ಲೇಖಕರು ಬರೆದ ಹಾಗೇ ಬಿಟ್ವಿ.

ತಿರಸ್ಕಾರದ ಪತ್ರ ಬರೆಯೋದು ಇದ್ಯಲ್ಲ, ದೊಡ್ಡ ಊರಲ್ಲಿ ಅದು ಬರೀ ಒಂದು ಮೇಲ್. ಇಲ್ಲಿ ಮರುದಿನ ಬಸ್‌ಸ್ಟ್ಯಾಂಡಲ್ಲಿ ಎದುರಾಗ್ತಾರೆ. ನನಗೆ ಪಾಠ ಮಾಡಿದ ಮೇಷ್ಟ್ರೊಬ್ಬರ ಲೇಖನ ಇಬ್ಬರು ವಿಮರ್ಶಕರೂ ಬೇಡ ಅಂದ್ರು. ಮೇಲ್ ಕಳಿಸೋಕೆ ಮನಸ್ಸು ಬರಲಿಲ್ಲ, ಮನೆಗೇ ಹೋದೆ. ಕಾಫಿ ಕೊಟ್ಟು, ಪೂರ್ತಿ ಕೇಳಿ, "ಎರಡನೇ ವಿಮರ್ಶಕ ಹೇಳಿದ್ದು ಸರಿ ಇದೆ ಕಣಮ್ಮ, ಮೊದಲನೆಯವನು ಪೂರ್ತಿ ಓದೇ ಇಲ್ಲ" ಅಂದ್ರು. ನಿಜವಾಗಲೂ ಮೊದಲನೇ ರಿಪೋರ್ಟ್ ಒಂದೂವರೆ ಸಾಲಿತ್ತು. ಆಮೇಲಿಂದ ಐದು ಸಾಲಿಗಿಂತ ಕಮ್ಮಿ ಇರೋ ರಿಪೋರ್ಟನ್ನ ವಾಪಸ್ ಕಳಿಸೋಣ ಅಂತ ನಿಯಮ ಮಾಡಿದ್ವಿ, ಹೊಗಳಿದ್ರೂ ಸರಿ ಬೈದ್ರೂ ಸರಿ.

ಸಂಚಿಕೆ ಈ ವರ್ಷ ಹೂಮಳೆ ಹೊತ್ತಿಗೆ ಬಂತು. ಲೇಖಕರಿಗೆ ಎರಡೆರಡು ಪ್ರತಿ, ಹಾಡಿದವರಿಗೂ ಎರಡೆರಡು, ಅದಕ್ಕೆ ಅಂಚೆ ಖರ್ಚು ಅಂದಾಜು ಮೀರಿತು ಅಂತ ಖಜಾಂಚಿ ಇನ್ನೂ ಗೊಣಗ್ತಿದ್ದಾರೆ. ಮುಂದಿನದ್ದು ಸಾಲದ ಬಗ್ಗೆ, ಬಹುಶಃ ಆ ರಿಜಿಸ್ಟರ್‌ನ ಅಂಚು ನೋಡಿದ್ದರಿಂದಲೇ ತಲೆಗೆ ಬಂದಿದ್ದು. ಈ ಸಲ ಕರಡು ಬರೆದದ್ದು ಸರ್, ಉಪವಿಷಯದ ಪಟ್ಟಿ ಪೂರ್ತಿ ಮಾಯ, ಬರೀ ಪ್ರಶ್ನೆ. ಮನೇಲಿ ಅಂಗಡಿಯ ಹಳೇ ಸಾಲದ ಲೆಕ್ಕದ ಪುಸ್ತಕ ಇದ್ಯಾ, ಮದುವೆಗೆ ತಂದ ಸಾಲ ತೀರೋಕೆ ಎಷ್ಟು ವರ್ಷ ಆಯ್ತು, ಕಾಫಿ ರೇಟ್ ಬಿದ್ದಾಗ ಬ್ಯಾಂಕಿಗಿಂತ ಮೊದಲು ಯಾರ ಹತ್ರ ಹೋದ್ರಿ. ಬರೆಯೋಕಾಗದವರು ಫೋನಲ್ಲಿ ಹೇಳಿದ್ರೆ ನಮ್ಮ ಎಂ.ಎ. ಮಕ್ಕಳು ಬರ್ಕೋತಾರೆ, ಓದಿ ಹೇಳಿ ಒಪ್ಪಿಗೆ ತಗೊಂಡ ಮೇಲೇ ಅಚ್ಚು ಅನ್ನೋ ಸಾಲು ಈ ಸಲ ಎಲ್ಲಕ್ಕಿಂತ ಮೇಲಿದೆ. ಇತಿಹಾಸದ ಆ ಸಹೋದ್ಯೋಗಿ ಮಾತ್ರ ಸಾಲ ಅರ್ಥಶಾಸ್ತ್ರದ ಸಬ್ಜೆಕ್ಟು ಅಂತಿದ್ದಾರೆ.